ಸಗಣಿಯ ಬೂದಿ, ಚಿರತೆಯ ಹಿಕ್ಕೆ

ಈಚೆಗೆ ಬನಶಂಕರಿ 6ನೇ ಹಂತದಲ್ಲಿ ಬಂಧುಗಳೊಬ್ಬರ ಗುರುಪ್ರವೇಶಕ್ಕೆ ಹೋಗಿದ್ದೆವು. ಪ್ರಸಾದ ಸ್ವೀಕರಿಸಿ ಜಗಲಿಯಲ್ಲಿ ಕುಳಿತಾಗ ಮಾತು ಚಿರತೆಯತ್ತ ಹೊರಳಿತು. ತುರಹಳ್ಳಿ ಕಾಡು ಸಮೀಪ, ಬನ್ನೇರುಘಟ್ಟವೂ ದೂರವಲ್ಲ. “ಎಲ್ಲವನ್ನೂ ಹಿಡಿದು ಒಯ್ಯಬಾರದೇಕೆ?” ಎಂದರು ಯಜಮಾನರು. ಅವರ ಮೊಮ್ಮಗಳು ಮಾತ್ರ, “ತಾತ, ಅದು ಏನು ತಿನ್ನಲು ಇಲ್ಲಿಗೆ ಬರುತ್ತದೆ?” ಎಂದು ಕೇಳಿದಳು. ಮಗುವಿನ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಚಿರತೆಯ ಹಿಕ್ಕೆಯಲ್ಲಿದೆ.

ಇದನ್ನು ಕೇಳಿ ಮೂಗು ಮುರಿಯಬೇಕಾಗಿಲ್ಲ. ನಾವು ಹಣೆಯಲ್ಲಿ ಧರಿಸುವ ವಿಭೂತಿಯೂ ಗೋಮಯದಿಂದಲೇ ಬಂದುದು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ಕಥೆಯಂತೂ ಸೋಜಿಗದ್ದು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬಿಕೊಂಡು ಬಂದಿದ್ದಾರೆ. ಇಂತಹ ದಿಬ್ಬಗಳ ಬೂದಿಯನ್ನು ಪರೀಕ್ಷಿಸಿದ ಜಾಯ್ನರ್ ಎಂಬ ವಿದ್ವಾಂಸರು, ಅದು ಸುಟ್ಟ ಸಗಣಿಯೆಂದು 1960ರಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1957ರಲ್ಲಿ, ಈಗ ತೆಲಂಗಾಣಕ್ಕೆ ಸೇರಿರುವ ಉತ್ನೂರಿನಲ್ಲಿ ಆಲ್ಚಿನ್ ಅವರು ಉತ್ಖನನ ನಡೆಸಿದಾಗ ದನಗಳ ಗೊರಸಿನ ಗುರುತುಗಳೇ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನಾಡಿನ ಜನ ದೊಡ್ಡಿ ಕಟ್ಟಿ ದನ ಸಾಕುತ್ತಿದ್ದರೆಂಬುದಕ್ಕೆ ಆ ಬೂದಿಯೇ ಸಾಕ್ಷಿ. ಅರಮನೆ, ಶಾಸನ ಯಾವುದೂ ಇಲ್ಲದ ಕಾಲದ ಚರಿತ್ರೆಯನ್ನು ಸಗಣಿ ಬರೆದಿಟ್ಟಿದೆ.

ದೂರದ ಅರ್ಜೆಂಟೀನದ ಬಂಡೆಯಾಸರೆಯೊಂದರಲ್ಲಿ ದೊರೆತ, ಬೆಟ್ಟದ ಸಿಂಹವೆನಿಸಿದ ಪ್ಯೂಮಾದ ಒಣಹಿಕ್ಕೆ ಸುಮಾರು 17,000 ವರ್ಷ ಹಳೆಯದು. ಅದರೊಳಗೆ ದುಂಡುಹುಳುವಿನ ಮೊಟ್ಟೆಗಳಿದ್ದವು. ಅಲ್ಲಿ ಮನುಷ್ಯನೂ ಅವನ ಸಾಕುಪ್ರಾಣಿಗಳೂ ಕಾಲಿಡುವ ಮೊದಲೇ ಕಾಡುಮೃಗಗಳಿಗೆ ಈ ಹುಳುವಿನ ಬಾಧೆ ಇದ್ದಿತೆಂದು 2019ರಲ್ಲಿ ವಿಜ್ಞಾನಿಗಳು ತಿಳಿಸಿದರು.

ಇನ್ನು ನಮ್ಮ ಚಿರತೆ. ತಿಂದ ಪ್ರಾಣಿಯ ಮಾಂಸ ಜೀರ್ಣವಾದರೂ ಕೂದಲು ಜೀರ್ಣವಾಗದು. ಹಿಕ್ಕೆಯನ್ನು ತೊಳೆದು, ಆ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಜಿಂಕೆಯದೋ ಮೇಕೆಯದೋ ನಾಯಿಯದೋ ತಿಳಿಯುತ್ತದೆ. ನಾಗರಹೊಳೆಯಲ್ಲಿ ಹುಲಿ, ಚಿರತೆ, ಕಾಡುನಾಯಿಗಳ ಆಹಾರವನ್ನು ಉಲ್ಲಾಸ ಕಾರಂತರು ಅರಿತುಕೊಂಡು 1995ರಲ್ಲಿ ಪ್ರಕಟಿಸಿದ್ದು ಈ ಬಗೆಯಿಂದಲೇ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಊರಂಚಿನ ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ, ಅವು ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಯೇ ಆಗಿತ್ತು, ಮೇಕೆ ಶೇ. 11 ಮಾತ್ರ. ಮೇಕೆಗಳನ್ನು ಜನ ಕಾಯುತ್ತಾರೆ, ಕೊಟ್ಟಿಗೆಗೆ ಕಟ್ಟುತ್ತಾರೆ. ಬೀದಿನಾಯಿಯನ್ನು ಕಾಯುವವರು ಯಾರು?

ಇಲ್ಲಿಯೇ ನಮ್ಮ ಪಾಲಿನ ಹೊಣೆ ಬರುತ್ತದೆ. ಕಸವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಒಂದು ಚಿರತೆಯನ್ನು ಹಿಡಿದೊಯ್ದರೆ ತೆರವಾದ ಜಾಗಕ್ಕೆ ಇನ್ನೊಂದು ಬರಬಹುದು. 2023ರ ಅಕ್ಟೋಬರ್ ಕೊನೆಯಲ್ಲಿ ಬಿ.ಟಿ.ಎಂ. ಬಡಾವಣೆಗೆ ಅನತಿ ದೂರದ ಕೂಡ್ಲು ಗೇಟ್ ಬಳಿ ಕಾಣಿಸಿಕೊಂಡ ಚಿರತೆ, ನವೆಂಬರ್ 1ರಂದು ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣ ಬಿಟ್ಟಿತು. ಜನರೂ ಹಲವು ದಿನ ಭಯದಲ್ಲಿ ಕಳೆದರು.

ಅಂದು ಹೊರಡುವಾಗ ಪಕ್ಕದ ಖಾಲಿ ನಿವೇಶನದತ್ತ ಕಣ್ಣು ಹೋಯಿತು. ಪ್ರಸಾದದ ಎಲೆಗಳನ್ನೆಲ್ಲ ಅಲ್ಲಿಯೇ ಸುರಿಯಲಾಗಿತ್ತು; ಏಳೆಂಟು ನಾಯಿಗಳು ಸೇರಿದ್ದವು. ನಾನು ಏನನ್ನೂ ಹೇಳಬೇಕಾಗಲಿಲ್ಲ. ಮೊಮ್ಮಗಳು ತಾತನ ಕೈ ಹಿಡಿದು ಅತ್ತ ತೋರಿಸಿದಳು. ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, ಎಲೆಗಳನ್ನು ಚೀಲಕ್ಕೆ ತುಂಬಿಸಲು ಆಳನ್ನು ಕರೆದರು. ನಮ್ಮ ಮನೆಗಳ ಸಮಾರಂಭಗಳಲ್ಲಿ ಎಲೆ ಎತ್ತುವ ಮುನ್ನ ಅವು ಎಲ್ಲಿಗೆ ಹೋಗಬೇಕೆಂಬುದನ್ನೂ ಯೋಚಿಸೋಣ.