ಯೋಜನೆ ಬಂದ ಮಾತ್ರಕ್ಕೆ ಊರು ಬೆಳೆಯುವುದಿಲ್ಲ

ಸಂಪಾದಕರಿಗೆ,



ಸೀಬರ್ಡ್ ನೌಕಾನೆಲೆಯ ಎರಡನೇ ಹಂತದ ಕಾಮಗಾರಿ ಮುಂದುವರಿದಂತೆಲ್ಲ, ಕಾರವಾರ–ಅಂಕೋಲಾದ ದೆಸೆ ತಿರುಗಿತು ಎಂಬ ಮಾತು ಭಾಷಣಗಳಲ್ಲೂ ವರದಿಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವರು ಇಲ್ಲಿ 2,000 ಕೋಟಿ ರೂಪಾಯಿಗೂ ಮೀರಿದ ಸೌಕರ್ಯಗಳನ್ನು ಉದ್ಘಾಟಿಸಿದರು. ಈ ಹಂತ ಪೂರ್ತಿಯಾದಾಗ 32 ಯುದ್ಧನೌಕೆ ಮತ್ತು ಜಲಾಂತರ್ಗಾಮಿಗಳು ಇಲ್ಲಿ ತಂಗಬಹುದು, ಸುಮಾರು 10,000 ಸಿಬ್ಬಂದಿ ಸಂಸಾರ ಸಮೇತ ನೆಲೆಸಲಿದ್ದಾರೆ ಎಂಬುದು ಸಚಿವಾಲಯದ ಲೆಕ್ಕ. ದೇಶದ ರಕ್ಷಣೆಗೆ ಈ ನೆಲೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರಿರುವುದು ಅದರ ಜೊತೆಗೆ ಹೇಳಲಾಗುವ ಇನ್ನೊಂದು ಮಾತಿನ ಬಗ್ಗೆ: ದೊಡ್ಡ ಯೋಜನೆಯೊಂದು ಪಕ್ಕಕ್ಕೆ ಬಂದು ಕೂತರೆ ಊರು ತಾನಾಗಿಯೇ ಉದ್ಧಾರವಾಗುತ್ತದೆ ಎಂಬ ನಂಬಿಕೆ. ಈ ಕರಾವಳಿಯ ನೂರೈವತ್ತು ವರ್ಷಗಳ ಅನುಭವ ಅದನ್ನು ಸಮರ್ಥಿಸುವುದಿಲ್ಲ.

ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್‌ನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಆಸೆಯಿತ್ತು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದೆ ಪರದಾಡುತ್ತಿದ್ದ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಸಾಗಿಸಲು ಒಂದು ರೇವು ಬೇಕಿತ್ತು. ಘಟ್ಟದ ರಸ್ತೆಗಳಾದವು, 1864ರಲ್ಲಿ ದೀಪಸ್ತಂಭವೂ ಎದ್ದಿತು. ಹುಬ್ಬಳ್ಳಿಯಿಂದ ರೈಲೂ ಬರುತ್ತದೆ ಎಂದು ಊರು ಕಾಯಿತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಮುಂದಿನ ದಶಕದಲ್ಲಿ ರೈಲು ಮರ್ಮಗೋವಾ ಸೇರಿತು. ಕಾರವಾರದ ವ್ಯಾಪಾರ ಅದರ ಹಿಂದೆಯೇ ಹೋಯಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿಯೂ ಇಂದಿಗೂ ಘಟ್ಟ ಇಳಿದಿಲ್ಲ. ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದು. ಬಳ್ಳಾರಿಯ ಅದಿರು ಬೇಲೇಕೇರಿಯಿಂದ ಹಡಗೇರುತ್ತಿದ್ದಷ್ಟು ಕಾಲ ಅಂಕೋಲಾದಲ್ಲಿ ದುಡ್ಡು ಹರಿದಾಡಿತು. 2010ರಲ್ಲಿ ಅಕ್ರಮ ಬಯಲಾಗಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ್ದೇ ತಡ, ಬಂದರು ಬಣಗುಟ್ಟಿತು. ಕೆಂಪು ಧೂಳು, ಕಂತು ಕಟ್ಟಬೇಕಾದ ಲಾರಿಗಳು ಮಾತ್ರ ಉಳಿದವು. ಎರಡು ಪ್ರಸಂಗಗಳಲ್ಲೂ ಬಂಡವಾಳ ಹೊರಗಿನದು, ಸರಕು ಹೊರಗಿನದು, ನಿಲ್ಲಿಸುವ ತೀರ್ಮಾನವೂ ಹೊರಗಿನದು. ಊರು ದಾರಿಯಾಗಿತ್ತೇ ಹೊರತು ಪಾಲುದಾರನಾಗಿರಲಿಲ್ಲ.

ಸೀಬರ್ಡ್ ಇವೆರಡಕ್ಕಿಂತ ಬೇರೆ, ಅದು ಬಿಟ್ಟು ಹೋಗುವಂಥದ್ದಲ್ಲ ಎಂದು ಹೇಳಬಹುದು. ಒಪ್ಪುತ್ತೇನೆ. ಆದರೆ ಪಾಲುದಾರಿಕೆಯ ಪ್ರಶ್ನೆ ಹಾಗೆಯೇ ಇದೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಈ ಯೋಜನೆಗಾಗಿ ಅರ್ಗಾ ಸೇರಿದಂತೆ ಎರಡು ತಾಲ್ಲೂಕುಗಳ 13 ಹಳ್ಳಿಗಳಿಂದ 4,000ಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಸುಮಾರು 11,000 ಎಕರೆ ಹೋಯಿತು. ಗುಂಟೆಗೆ 150 ರೂಪಾಯಿಯಂತೆ ಗೊತ್ತುಪಡಿಸಿದ್ದ ಪರಿಹಾರವನ್ನು ನ್ಯಾಯಾಲಯ 11,500 ರೂಪಾಯಿಗೆ ಏರಿಸಿತು. ಆ ಹೆಚ್ಚುವರಿ ಹಣಕ್ಕಾಗಿ ನಿರಾಶ್ರಿತರು ದಶಕಗಳ ಕಾಲ ಅಲೆದರು. 2005ರ ಮೇ 31ರಂದು ಈ ನೆಲೆ ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಂದ ಎರಡು ದಶಕ ಕಳೆದರೂ ಜಿಲ್ಲೆಯ ಜನ ಹೃದಯಾಘಾತಕ್ಕೋ ಅಪಘಾತಕ್ಕೋ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವುದು ತಪ್ಪಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯೇ ದನಿಯೆತ್ತಬೇಕಾಯಿತು. ಗೋಡೆಯೊಳಗೆ ಆದ ಹೂಡಿಕೆಗೂ ಗೋಡೆಯಾಚೆಗಿನ ಊರಿನ ಸ್ಥಿತಿಗೂ ನೇರ ಸಂಬಂಧವಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಇಲ್ಲಿ ಮೊದಲು ಎದುರಾಗುವ ಆಕ್ಷೇಪ ವಿಶಾಖಪಟ್ಟಣದ್ದು: ನೌಕಾಪಡೆಯಿಂದಲೇ ಅದು ಮಹಾನಗರವಾಗಲಿಲ್ಲವೇ? ಆ ನಗರದ ಚರಿತ್ರೆ ಬೇರೆಯೇ ಹೇಳುತ್ತದೆ. ಅಲ್ಲಿನ ಆಂಧ್ರ ವಿಶ್ವವಿದ್ಯಾಲಯ 1926ರಷ್ಟು ಹಿಂದಿನದು. ವಾಲ್ಚಂದ್ ಹೀರಾಚಂದರ ಹಡಗು ಕಟ್ಟೆ ಶುರುವಾದದ್ದು 1941ರಲ್ಲಿ. ವಾಣಿಜ್ಯ ಬಂದರು ಮೊದಲೇ ಇತ್ತು, ಉಕ್ಕಿನ ಕಾರ್ಖಾನೆ ಆಮೇಲೆ ಬಂತು. ನೌಕಾಪಡೆಗೆ ಬೇಕಾದ ಎಂಜಿನಿಯರು, ವೆಲ್ಡರು, ಬಿಡಿಭಾಗ ಎಲ್ಲವನ್ನೂ ಒದಗಿಸಲು ನಗರ ಸಜ್ಜಾಗಿತ್ತು, ಹೀಗಾಗಿ ನೌಕಾಪಡೆಯ ಖರ್ಚು ನಗರದ ಆದಾಯವಾಯಿತು. ನೆಲೆಯೊಂದನ್ನೇ ನೆಚ್ಚಿದ ಊರಿನ ಗತಿ ನೋಡಬೇಕಾದರೆ ಇಂಗ್ಲೆಂಡಿನ ಚಾಥಮ್ ಇದೆ; 1984ರಲ್ಲಿ ಅಲ್ಲಿನ ನೌಕಾ ಹಡಗುಕಟ್ಟೆ ಮುಚ್ಚಿದಾಗ ಸಾವಿರಾರು ಮಂದಿ ಒಮ್ಮೆಲೇ ಕೆಲಸ ಕಳೆದುಕೊಂಡರು. ಒಳಗಿನಿಂದ ಬೆಳೆಯುವ ಪಾಠ ಕಲಿಯಲು ನಾವು ಅಷ್ಟು ದೂರ ಹೋಗಬೇಕಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆ, ಕಾಲೇಜುಗಳು ಅಂಕೋಲಾದ ಬಡ ಮಕ್ಕಳಿಗೆ ತೆರೆದ ದಾರಿಯನ್ನು ಯಾವ ಬೃಹತ್ ಯೋಜನೆಯೂ ತೆರೆದಿಲ್ಲ.

ಎರಡನೆಯ ಆಕ್ಷೇಪ ಭದ್ರತೆಯದ್ದು. ರಕ್ಷಣಾ ನೆಲೆಯ ವ್ಯವಹಾರದಲ್ಲಿ ಊರವರು ಮೂಗು ತೂರಿಸಬಾರದು, ಕೇಂದ್ರದ ನೌಕರಿಯಲ್ಲಿ ಹುಟ್ಟೂರು ನೋಡಿ ಮೀಸಲಿಡಲು ಸಂವಿಧಾನವೇ ಒಪ್ಪುವುದಿಲ್ಲ ಎನ್ನುತ್ತಾರೆ. ಮಾತು ಸರಿ, ಆದರೆ ನಾನು ಕೇಳುತ್ತಿರುವುದು ಅದನ್ನಲ್ಲ. ಹತ್ತು ಸಾವಿರ ಸಂಸಾರಗಳು ತಿನ್ನುವ ಮೀನು, ತರಕಾರಿಯಲ್ಲಿ ಗುಟ್ಟೇನೂ ಇಲ್ಲ. ಮುದಗಾದ ಮೀನುಗಾರರ, ಅಂಕೋಲೆಯ ಹಾಲಕ್ಕಿ ರೈತ ಹೆಂಗಸರ ಸಹಕಾರ ಸಂಘಗಳು ಅದನ್ನು ಪೂರೈಸಬಲ್ಲವು. ಕೇಂದ್ರದ ಇಲಾಖೆಗಳು ತಮ್ಮ ಖರೀದಿಯ ಶೇ 25ರಷ್ಟನ್ನು ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂಬ ನಿಯಮ ಈಗಾಗಲೇ ಇದೆ; ಇಲ್ಲಿ ಅಂಥ ಉದ್ದಿಮೆಗಳಿಲ್ಲದಿದ್ದರೆ ಆ ಪಾಲು ಬೇರೆ ಊರಿಗೆ ಹೋಗುತ್ತದೆ. ನೌಕಾ ಹಡಗು ದುರಸ್ತಿ ಘಟಕದ ಅಪ್ರೆಂಟಿಸ್ ಪರೀಕ್ಷೆಗೆ ದೇಶದ ಯಾರು ಬೇಕಾದರೂ ಕೂರಬಹುದು. ಅದನ್ನು ಗೆಲ್ಲುವಂತೆ ನಮ್ಮ ಐಟಿಐಗಳ ಮಕ್ಕಳನ್ನು ತಯಾರು ಮಾಡಬಾರದು ಎಂದು ಯಾವ ಕಾನೂನೂ ಹೇಳಿಲ್ಲ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಆರೋಪ: ಈ ಭಾಗದವರು ಬಂದದ್ದಕ್ಕೆಲ್ಲ ಅಡ್ಡ ಬರುತ್ತಾರೆ. 2020ರಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಬಂದರು ವಿಸ್ತರಣೆಗೆ ವಿರೋಧ, ಈಗ 4,119 ಕೋಟಿ ರೂಪಾಯಿಯ ಕೇಣಿ ಬಂದರಿಗೆ ವಿರೋಧ. ಆದರೆ ಮೀನುಗಾರನ ಕಡೆಯಿಂದ ಲೆಕ್ಕ ಹಾಕಿ ನೋಡಿ. ಅರ್ಗಾ ಕಡೆಯ ಕಡಲು ನೌಕಾನೆಲೆಗೆ ಹೋಯಿತು. ಅಂಜುದೀವಿ ದ್ವೀಪದ ಸುತ್ತ ಸುಳಿಯುವಂತಿಲ್ಲ. ಉಳಿದ ತೀರದಲ್ಲಿ ಬಂದರು ಬಂದರೆ ದೋಣಿ ಎಲ್ಲಿ ಎಳೆಯಬೇಕು? ಗುಂಟೆಗೆ ನೂರೈವತ್ತು ರೂಪಾಯಿಯ ಕಾಲವನ್ನು ಕಂಡವರು ಹೊಸ ಭರವಸೆಯನ್ನು ಅನುಮಾನಿಸಿದರೆ ಅದು ಅಭಿವೃದ್ಧಿ ವಿರೋಧವಲ್ಲ. ಹಿಂದಿನ ಬಾಕಿ ತೀರಿಸದೆ ಹೊಸ ಸಾಲ ಕೇಳುವವರಿಗೆ ಯಾರೂ ಸುಲಭಕ್ಕೆ ಕೈಯೆತ್ತಿ ಕೊಡುವುದಿಲ್ಲ.

ಹಾಗಾದರೆ ಆಗಬೇಕಾದ್ದೇನು? ಸಂವಿಧಾನದ 285ನೇ ವಿಧಿಯಂತೆ ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆ ಹಾಕುವಂತಿಲ್ಲ. ಆದರೆ ರಾಜಕೋಟ್ ನಗರಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇತ್ಯರ್ಥವಾದಂತೆ, ಬಳಸುವ ಸೌಲಭ್ಯಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಮೂರನೇ ಒಂದು ಭಾಗದಿಂದ ಮುಕ್ಕಾಲು ಭಾಗದವರೆಗೆ ಸೇವಾ ಶುಲ್ಕವನ್ನು ಕೇಂದ್ರ ಕೊಡಬೇಕು. ಕಾರವಾರ ನಗರಸಭೆ ಮತ್ತು ನೆಲೆಯ ಸುತ್ತಲಿನ ಪಂಚಾಯಿತಿಗಳಿಗೆ ಈ ಬಾಬಿನಲ್ಲಿ ಎಷ್ಟು ಸಲ್ಲಬೇಕು, ಎಷ್ಟು ಸಂದಿದೆ ಎಂಬುದನ್ನು ಜಿಲ್ಲಾಡಳಿತ ವರ್ಷವರ್ಷವೂ ಪ್ರಕಟಿಸಲಿ. ಶಿರವಾಡದ ಕೈಗಾರಿಕಾ ವಸಾಹತುವಿನಲ್ಲಿ ಹಡಗು ದುರಸ್ತಿಗೆ ಪೂರಕವಾದ ಸಣ್ಣ ಘಟಕಗಳಿಗೆ ರಾಜ್ಯ ಸರ್ಕಾರ ಜಾಗ ಮತ್ತು ಸಾಲ ಒದಗಿಸಲಿ, ಐಟಿಐಗಳಲ್ಲಿ ಅದಕ್ಕೆ ಬೇಕಾದ ಕಸುಬುಗಳನ್ನು ಕಲಿಸಲಿ. ಅಲಗೇರಿಯಲ್ಲಿ ನೌಕಾ ವಿಮಾನನಿಲ್ದಾಣದ ಜೊತೆ ನಾಗರಿಕ ವಿಮಾನಕ್ಕೂ ಅವಕಾಶವಾಗುವಾಗ, ಜಮೀನು ಬಿಟ್ಟವರ ಪರಿಹಾರ ಮೊದಲ ವಿಮಾನ ಇಳಿಯುವ ಮುನ್ನವೇ ಕೈಸೇರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ಉದ್ಘಾಟನೆಗೆ ಬರುವ ಸಚಿವರು ಎಷ್ಟು ಕೋಟಿ ಖರ್ಚಾಯಿತು ಎಂಬುದರ ಜೊತೆಗೆ, ಅದರಲ್ಲಿ ಎಷ್ಟು ಈ ಎರಡು ತಾಲ್ಲೂಕುಗಳಲ್ಲಿ ಉಳಿಯಿತು ಎಂಬ ಲೆಕ್ಕವನ್ನೂ ಓದಿ ಹೇಳಲಿ. ದೆಸೆ ತಿರುಗಿತೋ ಇಲ್ಲವೋ ಎಂಬುದನ್ನು ಆಗ ನಾವೇ ತೀರ್ಮಾನಿಸುತ್ತೇವೆ.

ಇಂತಿ,
ಅರ್ಗಾದ ಓದುಗ
ಕಾರವಾರ ತಾಲ್ಲೂಕು