ಗಾಜಿನ ಟ್ಯೂಬು ಒದಗಿಸಿ, ಸಚಿವರೇ

ಸನ್ಮಾನ್ಯ ಆರೋಗ್ಯ ಸಚಿವರಿಗೆ,

ನಾನು ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತನಾದವನು. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದಾಗ ನಮ್ಮಂಥವರಿಗೆ ಸಮಾಧಾನವಾಗಿತ್ತು. ಗದ್ದೆಯಲ್ಲಿ, ಕಬ್ಬಿನ ಹೊಲದಲ್ಲಿ ಸತ್ತವರು ಇನ್ನಾದರೂ ಲೆಕ್ಕಕ್ಕೆ ಸಿಗುತ್ತಾರೆ ಎಂದುಕೊಂಡೆವು. ಈಗ ತಮ್ಮಲ್ಲಿ ಕೇಳುತ್ತಿರುವುದು ತೀರಾ ಅಗ್ಗದ ವಸ್ತು: ಹೊಸದಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬು.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕೆರಳಿಸಿ, ಕೆರಳಿಸಿಯೇ ಖಾಲಿ ಮಾಡಿಬಿಡುತ್ತದೆ. ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುವುದೇ ಇಲ್ಲ. ಅದನ್ನು ಹಾಸಿಗೆಯ ಪಕ್ಕದಲ್ಲೇ ಪತ್ತೆ ಮಾಡಬಹುದು. ನಾಳದಿಂದ 2 ಮಿಲಿ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಬಿಟ್ಟು, 20 ನಿಮಿಷ ಮುಟ್ಟದೆ ಇಟ್ಟು, ಒಮ್ಮೆ ಮಾತ್ರ ಬಾಗಿಸಿ ನೋಡುವುದು. ಹೆಪ್ಪಾಗಿ ಕೂತಿದ್ದರೆ ಸದ್ಯಕ್ಕೆ ಸರಿ, ನೀರಿನಂತೆ ಹರಿದರೆ ಪ್ರತಿವಿಷ ಶುರು. ಪ್ರತಿವಿಷ ಕೊಟ್ಟ ಆರು ಗಂಟೆಗೆ ಮತ್ತೆ ಅದೇ ಪರೀಕ್ಷೆ, ಏಕೆಂದರೆ ಖರ್ಚಾದ ಅಂಶಗಳನ್ನು ಯಕೃತ್ತು ತಯಾರಿಸಿ ತುಂಬಲು ಅಷ್ಟು ಹೊತ್ತು ಬೇಕು.

ಇಷ್ಟು ಸುಲಭದ ಪರೀಕ್ಷೆ ಕೆಡುವುದು ಟ್ಯೂಬಿನಲ್ಲಿ. ಗಾಜಿನ ಮೈ ತಾಗಿದರೆ ರಕ್ತ ಹೆಪ್ಪುಗಟ್ಟಲು ತಾನಾಗಿ ಚುರುಕಾಗುತ್ತದೆ, ಪ್ಲಾಸ್ಟಿಕ್ ಆ ಕೆಲಸ ಮಾಡುವುದಿಲ್ಲ. ಈಗ ಲ್ಯಾಬುಗಳಿಗೆ ಬರುವುದು ಬಹುಪಾಲು ಪ್ಲಾಸ್ಟಿಕ್ ಟ್ಯೂಬು. ಅದರಲ್ಲಿ ಆರೋಗ್ಯವಂತನ ರಕ್ತವೂ 20 ನಿಮಿಷಕ್ಕೆ ನೀರಾಗಿಯೇ ಉಳಿಯಬಹುದು. ಹಳೆಯ ಗಾಜಿನದನ್ನು ಸೋಪುಪುಡಿ ಹಾಕಿ ತೊಳೆದು ಬಳಸಿದರೂ ಅದೇ ಗತಿ. ನಡುವೆ ಕುತೂಹಲಕ್ಕೆ ಎತ್ತಿ ಅಲ್ಲಾಡಿಸಿ ನೋಡುವವರೂ ಉಂಟು! ತಪ್ಪು ಫಲಿತಾಂಶ ನಂಬಿ, ವಿಷವೇ ಏರದವನಿಗೆ ಹತ್ತು ಬಾಟಲಿ ಪ್ರತಿವಿಷ ಏರಿಸಿದರೆ ನಷ್ಟ ಬರೀ ಔಷಧದ್ದಲ್ಲ. ಅದು ಕುದುರೆಯ ರಕ್ತದಿಂದ ತಯಾರಾಗುವಂಥದ್ದು. ಕೆಲವರಿಗೆ ಮೈಗೆ ಒಗ್ಗದೆ ಪ್ರಾಣಕ್ಕೇ ಬರುತ್ತದೆ. ಅದಕ್ಕೇ ಅಡ್ರಿನಾಲಿನ್ ಪಕ್ಕದಲ್ಲಿಟ್ಟುಕೊಂಡೇ ಕೊಡಬೇಕು.

ಪರೀಕ್ಷೆಯನ್ನೇ ಮಾಡದಿದ್ದರೆ ಇನ್ನೊಂದು ತೊಂದರೆ. ಕಡಿಸಿಕೊಂಡವನು ಗಟ್ಟಿಯಾಗಿ ಮಾತಾಡುತ್ತಿರುತ್ತಾನೆ, ಕಾಲು ಸ್ವಲ್ಪ ಊದಿದೆ ಅಷ್ಟೆ. ಪಿಎಚ್‌ಸಿಯಲ್ಲಿ ಚೀಟಿ ಬರೆದು ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಮೊದಲ ಡೋಸ್ ಇಲ್ಲದೆ ಆಂಬುಲೆನ್ಸಿನಲ್ಲಿ ಕಳೆಯುವ ಆ ಗಂಟೆಗಳಲ್ಲೇ ಮೂತ್ರಪಿಂಡ ಹಾಳಾಗಬಹುದು. 20 ನಿಮಿಷ ಅಲ್ಲೇ ಕಾದು ಟ್ಯೂಬು ಬಾಗಿಸಿದ್ದರೆ ಗೊತ್ತಾಗುತ್ತಿತ್ತು.

ರಕ್ತ ಹೆಪ್ಪುಗಟ್ಟುತ್ತದೆಯೇ ಎಂಬ ಇದೇ ಪ್ರಶ್ನೆಯನ್ನು ದೊಡ್ಡ ಆಸ್ಪತ್ರೆಗಳು ಯಂತ್ರಕ್ಕೆ ಕೇಳುತ್ತವೆ. 1948ರಲ್ಲಿ ಜರ್ಮನಿಯ ಹಾರ್ಟರ್ಟ್ ವಿವರಿಸಿದ ಥ್ರಾಂಬೊಎಲಾಸ್ಟೋಗ್ರಫಿ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ, ಲಿವರ್ ಕಸಿಯಲ್ಲಿ ಪ್ಲಾಸ್ಮಾ ಬೇಕೋ ಪ್ಲೇಟ್‌ಲೆಟ್ ಬೇಕೋ ಎಂದು ನಿಮಿಷಗಳಲ್ಲಿ ಸುಳಿವು ಕೊಡುತ್ತದೆ. ಅಲ್ಲಿಗೆ ಅದು ಸರಿಯೇ. ಹಳ್ಳಿಯ ಪಿಎಚ್‌ಸಿಗೆ ಅಂಥದ್ದನ್ನು ತರಲು ದಯವಿಟ್ಟು ಹೊರಡಬೇಡಿ. ಯಂತ್ರವಾದರೆ ರಿಬ್ಬನ್ ಕತ್ತರಿಸಬಹುದು, ಟ್ಯೂಬಿಗೆ ಆ ಭಾಗ್ಯವಿಲ್ಲ ಎಂಬುದೂ ನನಗೆ ಗೊತ್ತು.

ಟ್ಯೂಬು ಎಲ್ಲವನ್ನೂ ಹೇಳುವುದಿಲ್ಲ. ನಾಗರ, ಕಟ್ಟುಹಾವು ಕಡಿದಾಗ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ಕಣ್ಣರೆಪ್ಪೆ ಮಾತ್ರ ಜೋಲುತ್ತದೆ. ಅಲ್ಲಿ ರೆಪ್ಪೆಯನ್ನೇ ನಂಬಬೇಕು. ಸ್ವಲ್ಪವೇ ಕೆಟ್ಟ ರಕ್ತವೂ ಈ ಪರೀಕ್ಷೆಗೆ ತಪ್ಪಿಸಿಕೊಳ್ಳಬಹುದು. ಪಶ್ಚಿಮಘಟ್ಟದಲ್ಲಿ ಮೂಗು ಮೇಲೆದ್ದ ಸಣ್ಣ ಮಂಡಲವೊಂದಿದೆ. ಅದು ಕಡಿದರೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಆದರೆ ನಮ್ಮಲ್ಲಿರುವ ಪ್ರತಿವಿಷ ತಯಾರಾಗಿರುವುದು ಬೇರೆ ನಾಲ್ಕು ಹಾವುಗಳ ವಿಷಕ್ಕೆ. ಡೋಸ್ ಮೇಲೆ ಡೋಸ್ ಕೊಟ್ಟರೂ ಟ್ಯೂಬು ನೀರಾಗಿಯೇ ಉಳಿದರೆ ಮಲೆನಾಡಿನ ವೈದ್ಯರು ಆ ಅನುಮಾನವನ್ನೂ ಇಟ್ಟುಕೊಳ್ಳಬೇಕು.

ವೈದ್ಯಕೀಯ ಸರಬರಾಜು ನಿಗಮದ ಇಂಡೆಂಟಿನಲ್ಲಿ ಪ್ರತಿವಿಷದ ಜೊತೆಗೇ ಗಾಜಿನ ಟ್ಯೂಬನ್ನೂ ಸೇರಿಸಿ, ಒಂದಿಲ್ಲದೆ ಇನ್ನೊಂದು ಹೋಗದಂತೆ ಮಾಡಿ. ವೈದ್ಯರಿಗೆ ಕಾಯದೆ ಪರೀಕ್ಷೆ ಇಡಲು ರಾತ್ರಿ ಪಾಳಿಯ ನರ್ಸ್‌ಗೆ ಲಿಖಿತ ಅಧಿಕಾರ ಕೊಡಿ. ಪ್ರತಿ ವರದಿಯಲ್ಲೂ ಟ್ಯೂಬು ಇಟ್ಟ ಸಮಯ, ನೋಡಿದ ಸಮಯ, ಫಲಿತಾಂಶ ದಾಖಲಾಗಲಿ. ನಾಟಿ ಶುರುವಾದ ಮೇಲೆ ಕಡಿತಗಳು ಹೆಚ್ಚುತ್ತವೆ, ಆದ್ದರಿಂದ ಆದೇಶ ಮೇ ತಿಂಗಳೊಳಗೆ ಹೊರಟರೆ ಉಪಯೋಗ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಟೆಕ್ನೀಷಿಯನ್