ಹಿನ್ನೀರಿನ ಮಣ್ಣುದಾರಿ ಸೈಕಲ್ಲಿಗಿರಲಿ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಗೊಂಡಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ದಶಕಗಳ ಕಾಲ ಲಾಂಚನ್ನು ನಂಬಿ ಬದುಕಿದ ಕರೂರು–ಬಾರಂಗಿ ಹೋಬಳಿಯ ಜನರ ಪಾಲಿಗೆ ಇದು ಯಾರೂ ಮಾಡಿದ ಉಪಕಾರವಲ್ಲ. ಬಹಳ ತಡವಾಗಿ ಸಂದ ನ್ಯಾಯ. ಕಡೆಯ ಲಾಂಚು ಹೋದ ಮೇಲೆ ರೋಗಿಯನ್ನು ದಡದಲ್ಲಿ ಮಲಗಿಸಿಕೊಂಡು ಕೂರಬೇಕಾದ ದುಃಸ್ಥಿತಿ ಇನ್ನಿಲ್ಲವೆಂದು ಸಂತೋಷಪಡದವರು ಮಲೆನಾಡಿನವರೇ ಅಲ್ಲ. ಆದ್ದರಿಂದ ಈ ಲೇಖನ ಸೇತುವೆಯ ವಿರುದ್ಧವಲ್ಲ. ಸೇತುವೆ ಇಳಿದ ಮೇಲೆ ಎಡಕ್ಕೂ ಬಲಕ್ಕೂ ಒಡೆದು ಹಿನ್ನೀರಿನ ಅಂಚಿಗೆ ಸಾಗುವ ಸಣ್ಣ ಮಣ್ಣುದಾರಿಗಳ ಕುರಿತದ್ದು.

ಲಾಂಚು ಜನರಿಗೆ ಕೊಟ್ಟ ಕಷ್ಟ ಎಲ್ಲರಿಗೂ ಗೊತ್ತು. ಅದು ಯಾರೂ ಬಯಸದೆಯೇ ಮಾಡಿದ ಇನ್ನೊಂದು ಕೆಲಸವೂ ಇತ್ತು. ಒಂದು ಸಲಕ್ಕೆ ಕೆಲವೇ ವಾಹನಗಳನ್ನು ಅದು ದಾಟಿಸುತ್ತಿತ್ತು. ಬೇಸಿಗೆಯಲ್ಲಿ ನೀರು ತೀರ ತಗ್ಗಿದಾಗ ವಾಹನ ಸಾಗಣೆಯೇ ನಿಲ್ಲುತ್ತಿತ್ತು. ಹೀಗೆ ಆ ದಡದ ದಾರಿಗಳು ನಡೆಯುವವರಿಗೆ, ದನಕರುಗಳಿಗೆ, ಸೈಕಲ್ಲಿಗೆ ಉಳಿದುಕೊಂಡವು. ಈಗ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆಯನ್ನು ಕಾರೊಂದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಹಳೆಯ ತಡೆ ಅನ್ಯಾಯದ್ದಾಗಿತ್ತು, ಅದು ಹೋದದ್ದೇ ಸರಿ. ಅದರ ಜಾಗದಲ್ಲಿ ನ್ಯಾಯವಾದ ಮಿತಿಯೊಂದನ್ನು ನಾವೇ ಕಟ್ಟಿಕೊಳ್ಳದಿದ್ದರೆ, ಮುಂದಿನ ಕೆಲವೇ ವರ್ಷಗಳಲ್ಲಿ ‘ವ್ಯೂ ಪಾಯಿಂಟ್’ ಹೆಸರಿನಲ್ಲಿ ಪ್ರತಿ ಕೋಡಿಗೂ ಡಾಂಬರು, ಪ್ರತಿ ದಡಕ್ಕೂ ವಾಹನ ನಿಲುಗಡೆ ಬರುವುದು ಖಂಡಿತ.

ನಮ್ಮ ಬೇಡಿಕೆ ಸರಳವಾದದ್ದು: ಊರುಗಳನ್ನು ಜೋಡಿಸುವ ಮುಖ್ಯ ರಸ್ತೆಗಳು ಸರ್ವಋತುವಾಗಲಿ, ಆದರೆ ಹಿನ್ನೀರಿನ ಅಂಚಿನ ಗರಸುದಾರಿಗಳನ್ನು ಗರಸುದಾರಿಗಳಾಗಿಯೇ ಉಳಿಸಿ, ಹೊರಗಿನವರ ಮೋಟಾರು ವಾಹನಗಳಿಗೆ ಮುಚ್ಚಿ, ಕಾಲ್ನಡಿಗೆ ಮತ್ತು ಸೈಕಲ್ಲಿಗೆ ಮೀಸಲಿಡಬೇಕು.

ಸೈಕಲ್ಲೆಂದರೆ ಬಡವರ ವಾಹನ ಎಂದು ನಾವು ಅಟ್ಟಕ್ಕೇರಿಸಿದ ಹೊತ್ತಿನಲ್ಲೇ ಜಗತ್ತಿನ ಬೇರೆಡೆ ಅದಕ್ಕೆ ಹೊಸ ಜೀವ ಬಂದಿದೆ. ಜಲ್ಲಿ, ಮಣ್ಣು, ಒರಟು ನೆಲಗಳಿಗೆಂದೇ ರೂಪಿಸಿದ ‘ಗ್ರಾವೆಲ್ ಬೈಕ್’ ಇಂದು ಎಲ್ಲೆಡೆ ಪರಿಚಿತ. ಬಾಗಿದ ಹಿಡಿ, ಹಗುರ ಚೌಕಟ್ಟು, ಅಗಲವಾದ ಟೈರು, ಅದರಲ್ಲಿ ಕಡಿಮೆ ಗಾಳಿ – ಇಷ್ಟೇ ಅದರ ಗುಟ್ಟು. ಅಮೆರಿಕದ ಕಾನ್ಸಾಸ್ ರಾಜ್ಯದ ಹಳ್ಳಿದಾರಿಗಳಲ್ಲಿ 2006ರಲ್ಲಿ ಸಣ್ಣದಾಗಿ ಆರಂಭವಾದ ಓಟವೊಂದು ಇಂದು ಸಾವಿರಾರು ಜನರನ್ನು ಸೆಳೆಯುತ್ತದೆ. 2022ರಲ್ಲಿ ಇಟಲಿಯಲ್ಲಿ ಈ ಬಗೆಯ ಸವಾರಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯಿತು. ನಮಗೆ ಓಟದ ಪಂದ್ಯ ಬೇಕಿಲ್ಲ. ಡಾಂಬರಿಲ್ಲದ, ವಾಹನವಿಲ್ಲದ ದಾರಿಯನ್ನೇ ಹುಡುಕಿಕೊಂಡು ಬರುವ ಪ್ರವಾಸಿಗಳೂ ಇದ್ದಾರೆಂಬುದನ್ನು ಗಮನಿಸಿದರೆ ಸಾಕು.

ಮಣ್ಣು ಹೇಳುವ ಮಾತು

ಹಿನ್ನೀರಿನ ಸುತ್ತಲ ಗುಡ್ಡಗಳು ಹೆಚ್ಚಾಗಿ ಜಂಬಿಟ್ಟಿಗೆ ನೆಲ. ಬಿಸಿಲಿಗೆ ತೆರೆದುಕೊಂಡ ಜಂಬಿಟ್ಟಿಗೆ ಗಟ್ಟಿಯಾಗುತ್ತದೆ, ಗರಸು ಚೆನ್ನಾಗಿ ಕೂರುತ್ತದೆ. ಅದೇ ದಾರಿಯಲ್ಲಿ ಭಾರದ ವಾಹನಗಳು ಓಡಾಡಿ ಗಾಲಿಜಾಡು ಆಳವಾದರೆ, ಮುಂಗಾರಿನ ನೀರಿಗೆ ಆ ಜಾಡೇ ಕಾಲುವೆ. ಬದಿಯ ಚರಂಡಿಗೆ ಇಳಿಯಬೇಕಾದ ನೀರು ದಾರಿಯ ನಡುವೆಯೇ ಹರಿದು, ಎರಡು ಮಳೆಗಾಲದಲ್ಲಿ ಕೊರಕಲಾಗುತ್ತದೆ. ಹೀಗೆ ಕೊಚ್ಚಿಹೋದ ಕೆಮ್ಮಣ್ಣು ಕೆಳಗಿನ ಗದ್ದೆಗೆ, ಅಲ್ಲಿಂದ ಜಲಾಶಯಕ್ಕೆ ಸೇರುತ್ತದೆ. ಡಾಂಬರು ಹಾಕಿದರೂ ಸಮಸ್ಯೆ ಮುಗಿಯದು. ನೀರು ಇಂಗುವ ನೆಲ ಕಿರಿದಾಗುತ್ತದೆ, ಮೋರಿಯ ಬಾಯಲ್ಲಿ ಹರಿವು ಒಂದೇ ಕಡೆ ಬಿದ್ದು ಸೊಪ್ಪಿನ ಬೆಟ್ಟದ ಬುಡವನ್ನು ಕೊರೆಯುತ್ತದೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪ್ರಯೋಗದಿಂದ ಎಂಜಿನಿಯರುಗಳು ಒಂದು ಅಂದಾಜು ಸೂತ್ರವನ್ನು ಪಡೆದರು: ರಸ್ತೆಗಾಗುವ ಹಾನಿ ಅಚ್ಚಿನ ಮೇಲಿನ ಭಾರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಸವಾರನೂ ಸೇರಿ 90 ಕೆ.ಜಿ. ತೂಗುವ ಸೈಕಲ್ಲಿನ ಒಂದು ಅಚ್ಚಿನ ಮೇಲೆ 45 ಕೆ.ಜಿ. ಭಾರ, 1,440 ಕೆ.ಜಿ. ಕಾರಿನ ಒಂದು ಅಚ್ಚಿನ ಮೇಲೆ 720 ಕೆ.ಜಿ. ಭಾರ 16 ಪಟ್ಟು. ಸೂತ್ರದಂತೆ ಹಾನಿ 65,536 ಪಟ್ಟು. ಪ್ರಯೋಗ ನಡೆದದ್ದು ನಿರ್ಮಿತ ರಸ್ತೆಗಳ ಮೇಲಾದ್ದರಿಂದ ಮಣ್ಣುದಾರಿಗೆ ಈ ಸಂಖ್ಯೆ ಅಕ್ಷರಶಃ ಹೊಂದದು. ಆದರೂ ಅಂತರ ಎಂಥದ್ದೆಂದು ತಿಳಿಯಲು ಇಷ್ಟು ಸಾಕು. ನಡು ಉಬ್ಬಿಸಿ, ಇಬ್ಬದಿಗೆ ನೀರು ಬಿಟ್ಟು, ವರ್ಷಕ್ಕೊಮ್ಮೆ ಚರಂಡಿ ಬಿಡಿಸಿದ ಗರಸುದಾರಿ ಸೈಕಲ್ಲುಗಳನ್ನು ದೀರ್ಘಕಾಲ ತಾಳಿಕೊಳ್ಳಬಲ್ಲದು.

ಊರವರ ಪ್ರಶ್ನೆ

‘ಪೇಟೆಯವರ ಸೈಕಲ್ ಮೋಜಿಗೆ ನಾವು ಕೆಸರಿನಲ್ಲೇ ಇರಬೇಕೇ?’ ಈ ಪ್ರಶ್ನೆಯನ್ನು ಪರಿಸರಾಸಕ್ತರು ಲಘುವಾಗಿ ಕಾಣಕೂಡದು. ನಾಡಿಗೆ ಬೆಳಕು ಕೊಡಲು ಮನೆ, ತೋಟ, ಗದ್ದೆಗಳನ್ನು ನೀರಿಗೆ ಬಿಟ್ಟವರ ಭೂಹಕ್ಕಿನ ಪ್ರಶ್ನೆಯೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ಅವರ ಮೇಲೆ ಮತ್ತೊಂದು ನಿರ್ಬಂಧ ಹೇರುವ ಯಾವ ನೈತಿಕ ಅಧಿಕಾರವೂ ಹೊರಗಿನವರಿಗಿಲ್ಲ. ಆದ್ದರಿಂದ ಮನೆಬಾಗಿಲಿಗೆ ಆಂಬುಲೆನ್ಸ್ ಬರಬೇಕಾದ ದಾರಿ, ಅಡಿಕೆ–ಹಾಲು ಸಾಗಿಸುವ ದಾರಿ, ಮಕ್ಕಳು ಶಾಲೆಗೆ ಹೋಗುವ ದಾರಿ – ಇವೆಲ್ಲ ಗಟ್ಟಿಯಾಗಲೇಬೇಕು. ಅಂಚಿನ ದಾರಿಗಳಲ್ಲಿಯೂ ಸ್ಥಳೀಯರ ವಾಹನ, ಗಾಡಿ, ಟಿಲ್ಲರುಗಳಿಗೆ ತಡೆ ಇರಬಾರದು. ಯಾವ ದಾರಿ ಯಾವ ಗುಂಪಿಗೆ ಸೇರಬೇಕೆಂಬುದು ಗ್ರಾಮಸಭೆಯ ತೀರ್ಮಾನವಾಗಬೇಕೇ ಹೊರತು ಪ್ರವಾಸೋದ್ಯಮದ ನಕಾಶೆಯದಲ್ಲ.

ಲಾಭದ ಲೆಕ್ಕವೂ ಊರಿನ ಕಡೆಗೇ ಇದೆ. ಕಾರಿನಲ್ಲಿ ಬಂದವರು ದೇವರ ದರ್ಶನ ಮುಗಿಸಿ, ದಡದಲ್ಲಿ ಚಿತ್ರ ತೆಗೆದು, ಸಂಜೆಯೊಳಗೆ ಸೇತುವೆ ದಾಟಬಲ್ಲರು. ಉಳಿಯುವುದು ಬಾಟಲಿ, ಪ್ಲಾಸ್ಟಿಕ್ಕು. ಸೈಕಲ್ಲಿನವರಿಗೆ ಹಸಿವಾಗುತ್ತದೆ, ಕತ್ತಲಾಗುತ್ತದೆ, ಪಂಕ್ಚರಾಗುತ್ತದೆ. ಅವರಿಗೆ ಊಟ ಬೇಕು, ಹಾಸಿಗೆ ಬೇಕು, ದಾರಿ ತೋರುವ ಹುಡುಗ ಬೇಕು.

ಅಣೆಕಟ್ಟಿನ ನೀರಿನ ಸುತ್ತ ಹೀಗೆ ಮಾಡಿದ ಉದಾಹರಣೆಗಳಿವೆ. ಇಂಗ್ಲೆಂಡಿನ ನಾರ್ತಂಬರ್ಲೆಂಡಿನ ಕೀಲ್ಡರ್ ಜಲಾಶಯವೂ 1980ರ ದಶಕದ ಆರಂಭದಲ್ಲಿ ಒಂದು ಕಣಿವೆಯನ್ನು ಮುಳುಗಿಸಿಯೇ ತುಂಬಿದ್ದು. ಇಂದು ಅದರ ಸುತ್ತ ಸುಮಾರು 42 ಕಿಲೋಮೀಟರು ದಾರಿ ಕಾಲ್ನಡಿಗೆ, ಸೈಕಲ್ಲು, ಕುದುರೆಗಳಿಗೆ ತೆರೆದಿದೆ. 1859ರಿಂದ ಗ್ಲಾಸ್ಗೋ ನಗರಕ್ಕೆ ಕುಡಿಯುವ ನೀರು ಕೊಡುತ್ತಿರುವ ಸ್ಕಾಟ್ಲೆಂಡಿನ ಲಾಕ್ ಕ್ಯಾಟ್ರಿನ್ ಸರೋವರದ ಉತ್ತರ ದಂಡೆಯ ರಸ್ತೆಯಲ್ಲಿ ಸಾರ್ವಜನಿಕರ ಕಾರಿಗೆ ಪ್ರವೇಶವಿಲ್ಲ; ಸೈಕಲ್ಲಿಗಿದೆ. ಹೀಗಿರುವಾಗ ಇಲ್ಲಿ ಕಾರು ಬಿಡದಿದ್ದರೆ ಪ್ರವಾಸಿಗಳೇ ಬರುವುದಿಲ್ಲವೆಂಬ ಅಂಜಿಕೆಗೆ ಆಧಾರವಿಲ್ಲ.

ಸೈಕಲ್ಲಿಗೂ ಕಟ್ಟುಪಾಡು

ಸೈಕಲ್ಲೆಂದ ಮಾತ್ರಕ್ಕೆ ಎಲ್ಲವೂ ನಿರುಪದ್ರವಿಯಲ್ಲ. ಮಳೆಗಾಲದಲ್ಲಿ ನೆನೆದ ಮಣ್ಣಿನ ಮೇಲೆ ಸೈಕಲ್ಲೂ ಜಾಡು ಕೊರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗಳು ಪ್ರವಾಸಿಗಳಿಗೆ ಮುಚ್ಚಿರಲಿ. ಅಭಯಾರಣ್ಯದೊಳಗಿನ ದಾರಿಗಳನ್ನು ಇದರ ಲೆಕ್ಕಕ್ಕೆ ತರಲೇಕೂಡದು. ನೀರು ಇಳಿದಾಗ ತೆರೆದುಕೊಳ್ಳುವ ಹುಲ್ಲುನೆಲ ಜೀಪಿನ ಸಾಹಸಕ್ಕಾಗಲಿ, ಸೈಕಲ್ಲಿನ ಸಾಹಸಕ್ಕಾಗಲಿ ಮೈದಾನವಲ್ಲ. ಅದು ಊರ ದನಗಳ ಮೇವು, ಹಕ್ಕಿಗಳ ನೆಲೆ.

ಮಂಗನ ಕಾಯಿಲೆಯ ಮಾತನ್ನು ಮರೆಯುವಂತೆಯೇ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗು ಹೆಚ್ಚುವ ಒಣಗಾಲವೇ ಸೈಕಲ್ಲಿಗೂ ಹಿತವಾದ ಕಾಲ. ದಾರಿ ಬಿಟ್ಟು ಕಾಡಿಗಿಳಿಯಬಾರದು, ದರಕಿನ ಮೇಲೆ ಕೂರಬಾರದು, ಮಂಗ ಸತ್ತ ಸುದ್ದಿ ಬಂದೊಡನೆ ಆ ಭಾಗದ ದಾರಿ ಮುಚ್ಚಬೇಕು. ಈ ನಿಯಮಗಳನ್ನು ಒಪ್ಪದವರಿಗೆ ಇಲ್ಲಿ ಪ್ರವೇಶ ಬೇಡ.

ಒಮ್ಮೆ ಡಾಂಬರು ಬಿದ್ದ ದಾರಿ ಮತ್ತೆ ಗರಸುದಾರಿಯಾದದ್ದು ಅಪರೂಪ. ಒಮ್ಮೆ ರೆಸಾರ್ಟು ಎದ್ದ ದಡ ಮತ್ತೆ ಬಯಲಾದದ್ದು ಇನ್ನೂ ಅಪರೂಪ. ಆದ್ದರಿಂದ ಹಿನ್ನೀರಿನ ಪ್ರತಿ ಗ್ರಾಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿಯೇ ಮೂರು ಕೆಲಸಗಳಾಗಬೇಕು: ಅಂಚಿನ ದಾರಿಗಳ ಪಟ್ಟಿ ತಯಾರಾಗಬೇಕು, ಜನವಸತಿಗೆ ಬೇಕಾದವು ಯಾವುವು, ಗರಸಾಗಿಯೇ ಉಳಿಯಬೇಕಾದವು ಯಾವುವು ಎಂಬ ಠರಾವು ಆಗಬೇಕು, ಹೊರಗಿನ ವಾಹನಗಳು ಎಲ್ಲಿ ನಿಲ್ಲಬೇಕೆಂದು ಜಾಗ ಗೊತ್ತುಮಾಡಬೇಕು. ನಮ್ಮ ಓದುಗರಲ್ಲಿ ಆ ಭಾಗದವರು ಬಹಳ ಮಂದಿ ಇದ್ದೀರಿ. ಗುತ್ತಿಗೆದಾರರ ಜಲ್ಲಿ ಬಂದು ಬೀಳುವ ಮೊದಲು ಈ ಮಾತನ್ನು ನೀವೇ ಎತ್ತಬೇಕು.